ನನ್ನ ತಲೆ ಮುಟ್ಟಿ ಮಾಡಿದ ಆಣೆ

ಕಿಂಗ್ಸ್‌ಬರಿಯ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಬೆಚ್ಚಗಿದ್ದವರು ದೇವರು. ಮೆಟ್ಟಿಲು ಹತ್ತಿ ಮಹಡಿಗೆ ಬಂದರೆ ಎಡಕ್ಕೊಂದು ಕಪಾಟು, ಅದರೊಳಗೆ ಬಿಸಿನೀರಿನ ತಾಮ್ರದ ಟ್ಯಾಂಕು, ಅದರ ಮೇಲೆ ಎರಡು ಮರದ ಹಲಗೆ. ಇಲ್ಲಿಯ ಇಂಗ್ಲಿಷರು ಅಂಥ ಹಲಗೆಗಳ ಮೇಲೆ ಟವೆಲ್ಲು, ಹಾಸಿಗೆಯ ಬಟ್ಟೆ ಒಣಗಲು ಇಡುತ್ತಾರೆ. ಅವ್ವ ಅಲ್ಲಿ ದೇವರ ಜಗಲಿ ಮಾಡಿದ್ದಳು. ಬಸವಣ್ಣನ ಪಟ, ವಿಜಯಪುರದ ತವರಿನಿಂದ ತಂದ ವಿಭೂತಿ ಗಟ್ಟಿ, ಒಂದು ಹಿತ್ತಾಳೆ ಗಂಟೆ. ಬೆಂಕಿ ಹತ್ತೀತೆಂಬ ಹೆದರಿಕೆಗೆ ಎಣ್ಣೆಯ ದೀಪದ ಬದಲು ಬ್ಯಾಟರಿಯ ದೀಪ. ಬಾಗಿಲು ತೆಗೆದರೆ ಊದಿನಕಡ್ಡಿಯ ವಾಸನೆಯ ಬಿಸಿಗಾಳಿ ಮುಖಕ್ಕೆ ಬರುತ್ತಿತ್ತು. ಜನವರಿ ಮುಂಜಾನೆಗಳಲ್ಲಿ ನಾನು ಸ್ಕೂಲಿನ ಸಾಕ್ಸು ಕೈಯಲ್ಲಿ ಹಿಡಿದು ಆ ಕಪಾಟಿನ ಎದುರು ಹತ್ತು ನಿಮಿಷ ನಿಲ್ಲುತ್ತಿದ್ದೆ. ಅದು ಚಳಿಗೆ. ಅವ್ವ ಮಾತ್ರ ಊರಿಗೆ ಫೋನು ಮಾಡಿದಾಗಲೆಲ್ಲ ಅದನ್ನು ಭಕ್ತಿ ಎಂದೇ ಹೇಳಿದಳು, ನಾನೂ ತಿದ್ದಲು ಹೋಗಲಿಲ್ಲ.

ನನ್ನ ಕೋಣೆ ಹಿಂದುಗಡೆಯದು, ಬಿಸಿಲು ಬೀಳದ್ದು. ಬಟ್ಟೆಯ ಬೀರುವಿನ ಹಿಂದಿನ ಗೋಡೆ ವರ್ಷದ ಒಂಬತ್ತು ತಿಂಗಳು ಹಸಿ ಇರುತ್ತಿತ್ತು. ಕೈ ಇಟ್ಟರೆ ತಣ್ಣಗೆ ಅಂಟುತ್ತಿತ್ತು. ಅಲ್ಲಿ ಕಪ್ಪು ಬೂಷ್ಟು ಬೆಳೆಯುತ್ತಿತ್ತು. ಅವ್ವ ದೀಪಾವಳಿಗೊಮ್ಮೆ ಬೀರು ಸರಿಸಿ ಬ್ಲೀಚು ಹಾಕಿ ತಿಕ್ಕುತ್ತಿದ್ದಳು, ಸಂಕ್ರಾಂತಿಗೆ ಅದು ಮತ್ತೆ ಬಂದು ಕೂತಿರುತ್ತಿತ್ತು. ನಾವು ಮೂರೇ ಜನ ಆ ಮನೆಯಲ್ಲಿ. ಅಪ್ಪ ಪಾರ್ಕ್ ರಾಯಲ್ ಕಡೆಯ ಒಂದು ಬ್ರೆಡ್ ಕಾರ್ಖಾನೆಯಲ್ಲಿ ಹಿಟ್ಟು ಕಲಸುವ ಮಶೀನಿನ ಮೇಲೆ ಕೆಲಸ ಮಾಡುತ್ತಿದ್ದ. ಬೆಳಗಿನ ಐದಕ್ಕೆ ಹೊರಟರೆ ಮಧ್ಯಾಹ್ನ ಮೂರಕ್ಕೆ ಬರುವವನು. ಅವನ ಮೈಯಿಂದ, ಬಟ್ಟೆಯಿಂದ, ಕೂದಲಿನಿಂದ ಯಾವಾಗಲೂ ಹುಳಿಬಂದ ಹಿಟ್ಟಿನ ವಾಸನೆ. ಆ ವಾಸನೆಗೂ ಕುಡಿತದ ವಾಸನೆಗೂ ಎಷ್ಟು ಹತ್ತಿರ ಎಂದರೆ, ಅಕ್ಕಪಕ್ಕದ ಮನೆಯ ಒಗ್ಗರಣೆಯಲ್ಲಿ ಏನೇನು ಬಿದ್ದಿದೆ ಎಂದು ಹೇಳಬಲ್ಲ ಅವ್ವನ ಮೂಗು ಗಂಡನ ವಿಷಯದಲ್ಲಿ ಸೋತುಹೋಗಿತ್ತು. ಬಾಗಿಲಲ್ಲೇ ನಿಲ್ಲಿಸಿ ಮೂಸಿದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಅವಳಿಗೆ ಬೇರೆ ಸಾಕ್ಷಿ ಬೇಕಾಯಿತು, ಆ ಸಾಕ್ಷಿ ನಾನಾದೆ.

ಅಪ್ಪ ಕುಡಿದು ಹೊಡೆಯುವವನಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕುಡುಕನ ಮಗಳು ಎಂದ ಕೂಡಲೇ ಜನ ನನ್ನ ತೋಳಿನ ಮೇಲೆ ಗಾಯ ಹುಡುಕುತ್ತಾರೆ. ಅವನು ಕುಡಿದು ಬಂದರೆ ಮೆಟ್ಟಿಲಿನ ಮೂರನೆಯ ಹಂತದಲ್ಲಿ ಬೂಟು ಬಿಚ್ಚದೆ ಕೂತು ಅಳುತ್ತಿದ್ದ, ಅಷ್ಟೇ. ಮೇಲೂ ಬರುತ್ತಿರಲಿಲ್ಲ, ಕೆಳಗೂ ಇಳಿಯುತ್ತಿರಲಿಲ್ಲ. ನಾನು ಅವನನ್ನು ದಾಟಿಕೊಂಡು ಅಡುಗೆಮನೆಗೆ ಹೋಗಿ ನೀರು ಕುಡಿದು ಬರಬೇಕಾಗುತ್ತಿತ್ತು. ನನಗೆ ಆರು ವರ್ಷವಾಗಿದ್ದಾಗ ಒಂದು ದಿನ ಅವನು ನನ್ನನ್ನು ಸ್ಕೂಲಿನಿಂದ ಕರೆದುಕೊಂಡು ಬರುವುದನ್ನೇ ಮರೆತ. ಎಲ್ಲ ಮಕ್ಕಳೂ ಹೋದ ಮೇಲೆ ನಾನು ಆಫೀಸಿನ ಕುರ್ಚಿಯಲ್ಲಿ ಕೋಟು ಹಾಕಿಕೊಂಡು ಕೂತಿದ್ದೆ. ಟೀಚರೊಬ್ಬರು ಬಿಸ್ಕತ್ತು ಕೊಟ್ಟರು, ಮತ್ತೊಂದು ಕೊಟ್ಟರು, ಆಮೇಲೆ ಅವ್ವನ ಕೆಲಸದ ಜಾಗಕ್ಕೆ ಫೋನು ಮಾಡಿದರು. ಮರುದಿನ ಬೆಳಿಗ್ಗೆ ಅವ್ವ ನನಗೆ ಸ್ನಾನ ಮಾಡಿಸಿ, ಹಣೆಗೆ ವಿಭೂತಿ ಹಚ್ಚಿ, ಆ ಕಪಾಟಿನ ಎದುರು ನಿಲ್ಲಿಸಿದಳು. ಅಪ್ಪನನ್ನೂ ಕರೆದಳು.

“ಈಕಿ ತಲಿ ಮ್ಯಾಲ ಕೈ ಇಡ್ರಿ.”

“ಕೂಸಿನ್ನ ಯಾಕ ಇದರಾಗ ತರ್ತಿ?” ಎಂದ ಅಪ್ಪ.

“ಮತ್ತ ಯಾರನ್ನ ತರ್ಲಿ? ನನ್ನ ಆಣಿ ಮಾಡಿದ್ರಿ, ಸತ್ತ ನಿಮ್ಮವ್ವನ ಆಣಿ ಮಾಡಿದ್ರಿ. ಎಲ್ಲಾ ಆಣಿ ಕುಡದು ಮುಗಿಸೀರಿ. ಉಳದಾಕಿ ಇಕಿ ಒಬ್ಬಾಕಿ.”

ಅಪ್ಪನ ಕೈ ನನ್ನ ತಲೆಯ ಮೇಲೆ ಬಂತು. ದೊಡ್ಡ ಕೈ, ಹಿಟ್ಟಿನಿಂದ ಒಡೆದ ಬೆರಳುಗಳು, ಬಿಸಿ.

“ಸುಮಾನ ಆಣಿ. ಇನ್ನ ಮುಟ್ಟಂಗಿಲ್ಲ.”

ಅವನು ಕೆಳಗೆ ಹೋದ ಮೇಲೆ ನಾನು ಅವ್ವನನ್ನು ಕೇಳಿದೆ, ಕುಡಿದರೆ ಏನಾಗುತ್ತದೆ ಎಂದು. ಇಂಗ್ಲಿಷಿನಲ್ಲೇ ಕೇಳಿದೆ. ಆಗ ನಾನು ಎಲ್ಲಕ್ಕೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು, ಕನ್ನಡ ಓದಿ ಬರೆಯಲು ಕಲಿತದ್ದು ಎಷ್ಟೋ ಆಮೇಲೆ. ಅವ್ವ ಕಪಾಟಿನ ಬಾಗಿಲು ಮುಚ್ಚುತ್ತ, “ಕುಡಿಯಂಗಿಲ್ಲ. ಮಗಳಕಿಂತ ಹೆಚ್ಚಿಂದು ಅವ್ರಿಗೆ ಏನೈತಿ,” ಎಂದಳು. ಅದು ನನ್ನ ಪ್ರಶ್ನೆಗೆ ಉತ್ತರವಲ್ಲ ಎಂದು ಆರು ವರ್ಷದ ಮಗುವಿಗೂ ಗೊತ್ತಾಗುತ್ತದೆ. ಉತ್ತರ ಸಿಕ್ಕಿದ್ದು ಅದೇ ವಾರ, ಅವ್ವ ತನ್ನ ಅಕ್ಕನ ಜೊತೆ ಫೋನಿನಲ್ಲಿ ಮಾತಾಡುವಾಗ. ಅವರ ಹಳ್ಳಿಯಲ್ಲಿ ಒಬ್ಬ ಹೊಲದ ಜಗಳದಲ್ಲಿ ಮಗನ ತಲೆ ಮುಟ್ಟಿ ಸುಳ್ಳು ಆಣೆ ಮಾಡಿದನಂತೆ, ತಿಂಗಳು ತುಂಬುವುದರೊಳಗೆ ಆ ಹುಡುಗ ಜ್ವರ ಬಂದು ಹೋದನಂತೆ. ಅವ್ವ ಅದನ್ನು ಅಕ್ಕನಿಗೆ ನೆನಪು ಮಾಡಿಕೊಡುತ್ತಿದ್ದಳು, ಸಮಾಧಾನಕ್ಕೆ. ಅಪ್ಪನಿಗೂ ಆ ಕತೆ ಗೊತ್ತು, ಆದ್ದರಿಂದ ಈ ಸಲ ಕುಡಿಯುವುದಿಲ್ಲ ಎಂಬುದು ಅವಳ ಲೆಕ್ಕ. ನಾನು ಮೆಟ್ಟಿಲಿನ ಮೇಲೆ ಕೂತು ಕೇಳುತ್ತಿದ್ದೇನೆ ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಮೊದಲನೆಯ ಆಣೆ ಮೂರು ವಾರ ಬಾಳಿತು. ಅಪ್ಪ ಮೂರನೆಯ ಮೆಟ್ಟಿಲಿನಲ್ಲಿ ಕೂತಿರುವುದನ್ನು ಕಂಡಾಗ ನಾನು ಕೋಣೆಗೆ ಹೋಗಿ ಹಾಸಿಗೆಯ ಮೇಲೆ ಮಲಗಿ, ಸ್ಕೂಲಿನಲ್ಲಿ ಹೇಳಿಕೊಟ್ಟಂತೆ ಕುತ್ತಿಗೆಯ ಮೇಲೆ ಎರಡು ಬೆರಳು ಒತ್ತಿಕೊಂಡು ನಾಡಿ ಇನ್ನೂ ಬಡಿಯುತ್ತಿದೆಯೇ ನೋಡಿದೆ. ಬಡಿಯುತ್ತಿತ್ತು. ಆಮೇಲೆ ಎರಡನೆಯ ಆಣೆ, ಮೂರನೆಯದು, ಒಂಬತ್ತು ತುಂಬುವ ಹೊತ್ತಿಗೆ ನಾಲ್ಕನೆಯದು. ಪ್ರತಿ ಸಲವೂ ಅದೇ ಕಪಾಟು, ಅದೇ ವಿಭೂತಿ, ಅದೇ ಬಿಸಿ ಕೈ. ಹಲ್ಲು ಬಿದ್ದರೆ ಅದು ಎರಡನೆಯದರ ಪಾಪ ಎಂದುಕೊಂಡೆ, ಸ್ಕೂಲಿನಲ್ಲಿ ಮೂಗಿನಿಂದ ರಕ್ತ ಬಂದರೆ ಮೂರನೆಯದರದ್ದು. ಒಂದು ಬೇಸಿಗೆ ರಜೆಯಲ್ಲಿ ಹಿತ್ತಲಿನ ಶೆಡ್ಡಿನಲ್ಲಿ ಆಡುವಾಗ ಸುತ್ತಿಟ್ಟ ಹಳೆಯ ಕಾರ್ಪೆಟ್ಟಿನೊಳಗೆ ಅರ್ಧ ಖಾಲಿಯಾದ ಬಾಟಲಿ ಸಿಕ್ಕಿತು. ಇದ್ದ ಹಾಗೇ ಇಟ್ಟು ಬಂದೆ, ಯಾರಿಗೂ ಹೇಳಲಿಲ್ಲ. ಅಪ್ಪನನ್ನು ಕಾಪಾಡಲು ಸುಮ್ಮನಿದ್ದೆ ಎಂದು ಯಾರಾದರೂ ತಿಳಿದರೆ ಅದು ತಪ್ಪು. ನಾನು ಸಾಯುತ್ತೇನೆ ಎಂಬ ಸುದ್ದಿಯನ್ನು ಅವ್ವನಿಂದ ಮುಚ್ಚಿಡುತ್ತಿದ್ದೆ. ಅವಳು ಅತ್ತರೆ ನನಗೆ ನೋಡಲು ಆಗುತ್ತಿರಲಿಲ್ಲ.

ಲಾರೆನ್ಸ್ ಅಂಕಲ್ ನಮ್ಮ ಮನೆಗೆ ಬಂದದ್ದು ನಾಲ್ಕನೆಯ ಆಣೆ ಮುರಿದ ಮೇಲೆ. ಅವರು ಉಡುಪಿ ಕಡೆಯ ಕೊಂಕಣಿ ಮಾತಾಡುವ ಕ್ಯಾಥೊಲಿಕರು, ಅಪ್ಪನ ಕಾರ್ಖಾನೆಯಲ್ಲೇ ಪ್ಯಾಕಿಂಗ್ ವಿಭಾಗದಲ್ಲಿದ್ದರು. ಅಪ್ಪ ಮಶೀನಿನ ಪಕ್ಕ ನಿಂತಲ್ಲೇ ತೂಗಾಡುವುದನ್ನು ಸೂಪರ್‌ವೈಸರ್ ನೋಡುವ ಮೊದಲು ನೋಡಿ, ಹೊರಗೆ ಕರೆದುಕೊಂಡು ಹೋಗಿ, ನೀರು ಕುಡಿಸಿ, ತಾನೂ ಒಂದು ಕಾಲದಲ್ಲಿ ಹೀಗೇ ಇದ್ದೆ, ಈಗ ಒಂಬತ್ತು ವರ್ಷದಿಂದ ಕುಡಿದಿಲ್ಲ ಎಂದು ಹೇಳಿದವರು ಅವರು. ಕೆಂಟನ್‌ನ ಒಂದು ಚರ್ಚಿನ ಹಾಲಿನಲ್ಲಿ ಗುರುವಾರ ಸಂಜೆ ಕುಡಿತ ಬಿಟ್ಟವರು, ಬಿಡಲು ಒದ್ದಾಡುತ್ತಿರುವವರು ಸೇರಿ ಕೂರುತ್ತಿದ್ದರು. ಅಲ್ಲಿ ಡಾಕ್ಟರಿಲ್ಲ, ಪಾದ್ರಿಯಿಲ್ಲ. ಒಬ್ಬೊಬ್ಬರೇ ತಮ್ಮ ಕತೆ ಹೇಳುವುದು, ಉಳಿದವರು ಕೇಳುವುದು, ಕೊನೆಗೆ ಚಹಾ. ಹೊಸಬರಿಗೆ ಹಳಬರೊಬ್ಬರು ಜೊತೆಯಾಗುತ್ತಿದ್ದರು, ಅಪ್ಪನಿಗೆ ಜೊತೆಯಾದವರು ಲಾರೆನ್ಸ್ ಅಂಕಲ್. ಅವ್ವನಿಗೆ ಇದು ಒಂದಿಷ್ಟೂ ಸರಿಬರಲಿಲ್ಲ. ಮೊದಲನೆಯದಾಗಿ ಚರ್ಚು. ಎರಡನೆಯದಾಗಿ ಮನೆಯ ಮಾನವನ್ನು ಊರವರ ಮುಂದೆ ಬಿಚ್ಚಿಡುವುದು. ಆದರೂ ಮನೆಗೆ ಬಂದವರಿಗೆ ಚೂಡಾ, ಚಹಾ ಕೊಡದೆ ಕಳಿಸುವವಳಲ್ಲ ಅವಳು. ಅವರು ತಿಂದು ಮುಗಿಸುವವರೆಗೆ ಕಾದು, ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು.

“ನಿಮ್ಮ ಮೀಟಿಂಗಿನಾಗ ಆಣಿ ಮಾಡಸ್ತೀರೇನು?”

“ಆಣೆ ಎಲ್ಲ ಬೇಡ ಅಕ್ಕ. ನಾಳೆದು ಯಾರಿಗೆ ಗೊತ್ತುಂಟು? ಇವತ್ತು ಕುಡಿಯಲಿಲ್ಲ, ಅಷ್ಟೇ ನಮಗೆ ಹೇಳ್ಲಿಕ್ಕೆ ಆಗುದು. ನಾಳೆ ಬೆಳಿಗ್ಗೆ ಎದ್ದು ನಾಳೆದು ನೋಡುದು.”

“ನಾಳಿಂದು ಹೇಳಲಾರದ ಗಂಡಸಿನ ಮಾತು ಹೆಂಗ ನಂಬೂದು?” ಅವ್ವ ಅಪ್ಪನ ಕಡೆ ತಿರುಗಿದಳು. “ಒಮ್ಮಿ ಇವ್ರ ಮುಂದ ಆಣಿ ಮಾಡ್ರಿ, ನೋಡೂಣು. ಸುಮಾ, ಬಾ ಇಲ್ಲಿ.”

ನಾನು ಎದ್ದು ಹೋಗಿ ಅಪ್ಪನ ಕುರ್ಚಿಯ ಪಕ್ಕ ತಲೆ ಬಗ್ಗಿಸಿ ನಿಂತೆ. ಅಭ್ಯಾಸವಾಗಿತ್ತು. ಅಪ್ಪ ಎರಡೂ ಕೈಗಳನ್ನು ತೊಡೆಗಳ ಕೆಳಗೆ ಇಟ್ಟುಕೊಂಡು ಕೂತ, ಬೈಸಿಕೊಳ್ಳುವ ಹುಡುಗರು ಕೂರುವ ಹಾಗೆ.

“ನಾ ಈಕಿ ತಲಿ ಮುಟ್ಟಂಗಿಲ್ಲ,” ಎಂದ. “ಇನ್ನೊಮ್ಮಿ ಮುಟ್ಟಂಗಿಲ್ಲ.”

“ಅಂದ್ರ ಬಿಡಂಗಿಲ್ಲ ಅಂತಾತು.”

“ಅಲ್ಲ. ಅದಕ್ಕ ಮುಟ್ಟಂಗಿಲ್ಲ.”

ಲಾರೆನ್ಸ್ ಅಂಕಲ್ ನನ್ನನ್ನು ನೋಡಿ, ನೀನು ಹೋಗಿ ಆಡಿಕೋ ಮಗಾ ಎಂದರು. ಅವ್ವ ಅವರ ತಟ್ಟೆ ಎತ್ತಿಕೊಳ್ಳುತ್ತ, ಯಾರಿಗೂ ಅಲ್ಲದ ಹಾಗೆ, ಹಳೆಯ ಆಣೆ ಇನ್ನೂ ಇದೆ, ಅದು ಎಲ್ಲಿಗೂ ಹೋಗಿಲ್ಲ ಎಂದಳು. ಆ ಮಾತು ನನ್ನೊಳಗೆ ಉಳಿದಷ್ಟು ಬೇರೆ ಯಾವ ಮಾತೂ ಉಳಿಯಲಿಲ್ಲ. ಅಪ್ಪ ಹೊಸದಾಗಿ ಆಣೆ ಮಾಡದಿದ್ದರೇನಂತೆ, ಹಳೆಯದು ನನ್ನ ತಲೆಯ ಮೇಲೇ ಇತ್ತು.

ಅಲ್ಲಿಂದ ಎಂಟು ತಿಂಗಳು. ನನ್ನ ಬಾಲ್ಯದಲ್ಲಿ ಸುಖದ ದಿನಗಳು ಎಂದು ಯಾರಾದರೂ ಕೇಳಿದರೆ ಈ ಎಂಟು ತಿಂಗಳನ್ನೇ ತೋರಿಸಬೇಕು, ಆದರೆ ಅವನ್ನು ಸುಖದಿಂದ ಬದುಕಿದವರು ಮನೆಯಲ್ಲಿ ಯಾರೂ ಇರಲಿಲ್ಲ. ಅಪ್ಪ ಸಂಜೆ ಆರಕ್ಕೆ ನಮ್ಮ ಜೊತೆ ಊಟಕ್ಕೆ ಕೂರುತ್ತಿದ್ದ. ಅವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು, ಅವನು ಒಂದೊಂದನ್ನೇ ಮುರಿದು ಮೊದಲ ಬಿಸಿ ತುಂಡನ್ನು ನನ್ನ ತಟ್ಟೆಗೆ ಹಾಕುತ್ತಿದ್ದ. ಸ್ಕೂಲಿನಲ್ಲಿ ಏನು ಕಲಿಸಿದರು ಎಂದು ಕೇಳುತ್ತಿದ್ದ, ನಾನು ಹೇಳಿದ ಇಂಗ್ಲಿಷನ್ನೆಲ್ಲ ತಲೆ ಆಡಿಸಿ ಕೇಳುತ್ತಿದ್ದ, ಅರ್ಧ ತಿಳಿಯುತ್ತಿತ್ತೋ ಇಲ್ಲವೋ. ಗುರುವಾರ ಮೀಟಿಂಗಿನಲ್ಲಿ ಚಹಾ ಮಾಡುವ ಕೆಲಸ ಅವನಿಗೆ ಬಂದಿತ್ತು, ಅದಕ್ಕಾಗಿ ಅರ್ಧ ಗಂಟೆ ಮುಂಚೆ ಹೋಗುತ್ತಿದ್ದ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ನಲವತ್ತು ಜನಕ್ಕೆ ಚಹಾ ಮಾಡುವ ಗಂಡ ಮನೆಯಲ್ಲಿ ಒಂದು ಕಪ್ಪೂ ಮಾಡಿಲ್ಲ ಎಂದು ಅವ್ವ ಕುಟುಕಿದಾಗ ಮರುದಿನ ಬೆಳಿಗ್ಗೆ ಅವಳಿಗೂ ಮಾಡಿಟ್ಟ. ಅವಳು ಅದನ್ನು ಕುಡಿದಳು, ಚೆನ್ನಾಗಿದೆ ಎಂದು ಮಾತ್ರ ಹೇಳಲಿಲ್ಲ. ದಿನಾ ಸಂಜೆ ಊಟವಾದ ಮೇಲೆ ಅಪ್ಪ ಮೆಟ್ಟಿಲಿನ ಕೆಳಗಿದ್ದ ಫೋನಿನ ಹತ್ತಿರ ಹೋಗಿ ಲಾರೆನ್ಸ್ ಅಂಕಲ್‌ಗೆ ಫೋನು ಮಾಡುತ್ತಿದ್ದ. “ಇವತ್ತ ಇಲ್ಲ,” ಎನ್ನುತ್ತಿದ್ದ. ಆ ಕಡೆಯಿಂದ ಅವರೂ ಏನೋ ಹೇಳುತ್ತಿದ್ದರು. ಅಷ್ಟೇ ಮಾತು.

“ಇವತ್ತ ಇಲ್ಲ ಅಂದ್ರ ನಾಳಿಗಿ ಐತಿ ಅಂತ,” ಎನ್ನುತ್ತಿದ್ದಳು ಅವ್ವ, ಪಾತ್ರೆ ತೊಳೆಯುತ್ತ.

ಆ ವರ್ಷ ಚಳಿ ಶುರುವಾದಾಗ ನನಗೆ ಕೆಮ್ಮು ಶುರುವಾಯಿತು. ಮೆಟ್ಟಿಲು ಹತ್ತಿದರೆ ಎದೆಯೊಳಗೆ ಸಣ್ಣಗೆ ಸಿಳ್ಳೆ ಹಾಕಿದ ಹಾಗೆ ಸದ್ದು. ನಾನು ದಿಂಬಿಗೆ ಬಾಯಿ ಒತ್ತಿ ಕೆಮ್ಮಿದೆ, ಸ್ಕೂಲಿನಲ್ಲಿ ಓಡುವ ಆಟಗಳಿಗೆ ಹೊಟ್ಟೆನೋವು ಎಂದೆ. ನನಗೆ ಸ್ಪಷ್ಟವಾಗಿತ್ತು: ಅಪ್ಪ ಎಲ್ಲೋ ಕುಡಿಯುತ್ತಿದ್ದಾನೆ. ಅವನು ಮೆಟ್ಟಿಲಿನಲ್ಲಿ ಕೂತು ಅತ್ತದ್ದನ್ನು ನಾನು ಎಷ್ಟೋ ತಿಂಗಳಿಂದ ನೋಡಿರಲಿಲ್ಲ, ಹಾಗಾದರೆ ಅವನು ಮುಚ್ಚಿಡುವುದರಲ್ಲಿ ಜಾಣನಾಗಿದ್ದಾನೆ. ಶೆಡ್ಡಿಗೆ ಹೋಗಿ ಕಾರ್ಪೆಟ್ಟು ಬಿಚ್ಚಿ ನೋಡಿದೆ. ಏನೂ ಇರಲಿಲ್ಲ. ಹಾಗಾದರೆ ಜಾಗ ಬದಲಾಯಿಸಿದ್ದಾನೆ. ಇಲ್ಲದಿರುವುದನ್ನೂ ಇದೆ ಎಂಬುದಕ್ಕೆ ಸಾಕ್ಷಿ ಮಾಡಿಕೊಳ್ಳುವ ಈ ಬುದ್ಧಿ ನನಗೆ ಆಗ ಬಂದದ್ದು, ಈಗಲೂ ಬಿಟ್ಟಿಲ್ಲ. ನನ್ನ ಜೊತೆ ಬಾಳಲು ಬಂದ ಇಬ್ಬರು ಗಂಡಸರು ಇದೇ ಕಾರಣಕ್ಕೆ ಹೋದರು, ಅದು ಬೇರೆ ಅಧ್ಯಾಯ.

ಒಂದು ಶನಿವಾರ, ಮಧ್ಯಾಹ್ನದ ಹೊತ್ತು. ಊರಿನಿಂದ ಬಂದ ಯಾರದೋ ಸೂಟ್‌ಕೇಸಿನಲ್ಲಿ ಅವ್ವನಿಗೆ ಎರಡು ಕಿಲೋ ಬ್ಯಾಡಗಿ ಮೆಣಸಿನಕಾಯಿ ಬಂದಿತ್ತು. ವರ್ಷಕ್ಕಾಗುವಷ್ಟು ಮಸಾಲೆ ಖಾರ ಮಾಡಿಡಬೇಕೆಂದು ಹುರಿಯಲು ಕೂತಳು. ಹಿಂದೊಮ್ಮೆ ಘಾಟಿಗೆ ಪಕ್ಕದ ಮನೆಯವರು ಬಂದು ಬಾಗಿಲು ಬಡಿದು ಗದ್ದಲ ಮಾಡಿದ್ದರಿಂದ ಕಿಟಕಿಗಳನ್ನೆಲ್ಲ ಮುಚ್ಚಿದಳು, ಕೂಗಬಾರದೆಂದು ಹೊಗೆ ಅಲಾರಮ್ಮಿನ ಬ್ಯಾಟರಿ ಬಿಚ್ಚಿಟ್ಟಳು. ಅಪ್ಪ ಹಿತ್ತಲಿನಲ್ಲಿ ಬೇಲಿಗೆ ಹಲಗೆ ಹೊಡೆಯುತ್ತಿದ್ದ. ನಾನು ನನ್ನ ಕೋಣೆಯಲ್ಲಿ ನೆಲದ ಮೇಲೆ ಕೂತು ಬಣ್ಣ ಹಚ್ಚುತ್ತಿದ್ದೆ. ಘಾಟು ಮೆಟ್ಟಿಲು ಹತ್ತಿ ಬಂತು. ಮೊದಲು ಕೆಮ್ಮು, ಆಮೇಲೆ ಕೆಮ್ಮಲೂ ಉಸಿರಿಲ್ಲ. ಉಸಿರು ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ಬಂತು, ಇದೇ ಅದು ಎಂದುಕೊಂಡೆ. ಹೆದರಿಕೆಗಿಂತ ಹೆಚ್ಚು ನಾಚಿಕೆಯಾಯಿತು, ಈಗ ಎಲ್ಲರಿಗೂ ಗೊತ್ತಾಗುತ್ತದೆ ಎಂದು. ಕಿಟಕಿಯ ಗಾಜು ಬಡಿದೆನಂತೆ, ನನಗೆ ನೆನಪಿಲ್ಲ. ಅಪ್ಪ ಸುತ್ತಿಗೆ ಹಿಡಿದೇ ಓಡಿ ಬಂದದ್ದು ನೆನಪಿದೆ, ನನ್ನನ್ನು ಎತ್ತಿಕೊಂಡು ರಸ್ತೆಗೆ ಓಡಿದ್ದು, ಅವನ ಕುತ್ತಿಗೆಯ ಬೆವರು, ಆಮೇಲೆ ಆಂಬುಲೆನ್ಸು.

ಆಸ್ಪತ್ರೆಯಲ್ಲಿ ಮುಖಕ್ಕೆ ಮಾಸ್ಕು ಹಾಕಿದರು, ಅದರೊಳಗೆ ತಣ್ಣನೆಯ ಔಷಧಿಯ ಮಂಜು. ಸ್ವಲ್ಪ ಹೊತ್ತಿಗೆ ಎದೆ ಸಡಿಲವಾಯಿತು. ಒಬ್ಬ ಡಾಕ್ಟರಮ್ಮ ಬಂದು ಇದು ಅಸ್ತಮಾ ಎಂದರು, ಮನೆಯಲ್ಲಿ ಏನಾದರೂ ಅಡುಗೆ ಹೊಗೆ ಆಗಿತ್ತೇ, ಪೇಂಟು, ಔಷಧಿ, ಅಂಥದ್ದೇನಾದರೂ ಎಂದು ಕೇಳಿದರು. ಏನೂ ಇಲ್ಲ ಎಂದಳು ಅವ್ವ. ಅವಳ ಸೀರೆಯಿಂದ ಇನ್ನೂ ಖಾರದ ವಾಸನೆ ಬರುತ್ತಿತ್ತು. ಅಪ್ಪ ಹಾಸಿಗೆಯ ಆ ಬದಿಯಲ್ಲಿ ನಿಂತಿದ್ದ, ಅವ್ವನ ಮಾತನ್ನು ತಿದ್ದಲಿಲ್ಲ. ಹೆಂಡತಿಯನ್ನು ಹೊರಗಿನವರ ಮುಂದೆ ತಿದ್ದುವ ಅಧಿಕಾರ ತನಗೆ ಉಳಿದಿಲ್ಲ ಎಂದುಕೊಂಡನೋ ಏನೋ. ಡಾಕ್ಟರಮ್ಮ ಹೋದ ಮೇಲೆ ಅವ್ವ ಪರದೆ ಎಳೆದಳು.

“ಖರೇ ಹೇಳ್ರಿ. ಕುಡದೀರಿ?”

“ಇಲ್ಲ.”

“ಖರೇ ಹೇಳ್ರಿ ಅಂದೆ.”

“ಎಂಟ ತಿಂಗಳಾತು. ಒಂದ ಹನಿ ಮುಟ್ಟಿಲ್ಲ. ಡಾಕ್ಟರು ಹೇಳಿದ್ರಲ್ಲ, ಅಸ್ತಮಾ ಅಂತ.”

“ಅಸ್ತಮಾ ಅಂದ್ರು. ಯಾಕ ಬಂತು ಅಂತ ಹೇಳಿದ್ರೇನು? ನನ್ನ ಮನಿತನದಾಗ ಯಾರಿಗೂ ಇಲ್ಲ, ನಿಮ್ಮ ಮನಿತನದಾಗ ಯಾರಿಗೂ ಇಲ್ಲ. ನೀವು ಕುಡದಿಲ್ಲ ಅಂದ್ರ ಈಕಿಗೆ ಯಾಕ ಹಿಂಗಾತು?”

ಅಪ್ಪ ಬಗ್ಗಿ ನನ್ನ ಮುಖದ ಹತ್ತಿರ ಬಂದ. ಕಣ್ಣು ಕೆಂಪಾಗಿದ್ದವು, ಆದರೆ ಅದು ಅತ್ತದ್ದಕ್ಕೆ.

“ಸುಮಾ,” ಎಂದ. “ನಾ ಕುಡದಿಲ್ಲವ್ವ. ನೀ ನಂಬತೀ, ಹೌದಿಲ್ಲೋ?”

ಮಾಸ್ಕಿನೊಳಗೆ ಮಾತಾಡಲು ಆಗುತ್ತಿರಲಿಲ್ಲ. ನಾನು ತಲೆಯನ್ನು ಇಲ್ಲ ಎಂದು ಆಡಿಸಿದೆ. ಒಂದು ಸಲ ಈ ಕಡೆ, ಒಂದು ಸಲ ಆ ಕಡೆ. ಅವನಿಗೆ ಅರ್ಥವಾಗಲಿಲ್ಲವೇನೋ ಎಂದು ಇನ್ನೊಮ್ಮೆ ಆಡಿಸಿದೆ. ಅವನು ನನ್ನ ಕೋಟನ್ನು ಮಡಚಿ ಕುರ್ಚಿಯ ಮೇಲೆ ಇಟ್ಟು, ಪರದೆ ಸರಿಸಿ ಹೊರಗೆ ಹೋದ.

ಅವನು ನೇರ ಬಾರಿಗೆ ಹೋದನೆಂದು ನಾವಿಬ್ಬರೂ ನಂಬಿಕೊಂಡೆವು. ಅವನು ಹೋಗಿದ್ದು ಆಸ್ಪತ್ರೆಯ ಫೋನಿಗೆ. ಲಾರೆನ್ಸ್ ಅಂಕಲ್ ಕಾರು ತಂದು ಅವನನ್ನು ಕೂರಿಸಿಕೊಂಡರು, ಪಾರ್ಕಿಂಗಿನಲ್ಲೇ ಕತ್ತಲಾಗುವವರೆಗೆ ಇಬ್ಬರೂ ಕೂತಿದ್ದರಂತೆ. ಸೋಮವಾರ ನಾನು ಮನೆಗೆ ಬಂದ ಮೇಲೆ ಅಪ್ಪನೂ ಬಂದ, ಅವರ ಜೊತೆ. ಬಟ್ಟೆ ತುಂಬಿಕೊಳ್ಳಲು ಬಂದಿದ್ದ. ಮೆಟ್ಟಿಲಿನ ಮೇಲ್ತುದಿಯಲ್ಲಿ, ದೇವರ ಕಪಾಟಿನ ಪಕ್ಕ ನಿಂತು, ಬ್ಯಾಗಿನ ಚೈನು ಎಳೆಯುತ್ತ ಅವ್ವನಿಗೆ ಹೇಳಿದ.

“ನಾ ಕುಡದಿಲ್ಲ. ಆದ್ರ ನಾಕ ಸಲ ಈಕಿ ಆಣಿ ಮುರದೀನಿ. ಇದು ಅದರದ ಇರಬೇಕು. ಮುಂದ ಎಂದಾರ ಕುಡದ್ರ ಏನಾದೀತು ನನಗ ಗೊತ್ತಿಲ್ಲ. ನಾ ದೂರ ಇದ್ರ ಈಕಿಗೆ ಚಲೋ.”

“ಹಾಗೆಲ್ಲ ಇಲ್ಲ ಮಲ್ಲಣ್ಣ,” ಎಂದರು ಲಾರೆನ್ಸ್ ಅಂಕಲ್. “ಮಗುವಿಗೆ ಖಾಯಿಲೆ ಬಂದದ್ದು. ಖಾಯಿಲೆಗೆ ನಿಮ್ಮ ಆಣೆ ಎಂತ ಗೊತ್ತುಂಟು? ಅಕ್ಕ, ನೀವಾದ್ರೂ ಒಂದು ಮಾತು ಹೇಳಿ.”

ಅವ್ವ ಗೋಡೆಗೆ ಒರಗಿ ನಿಂತೇ ಇದ್ದಳು. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಅಪ್ಪ ನನ್ನ ಕಡೆ ನೋಡಿ, ಹತ್ತಿರ ಬರದೆ, ಕೈ ಎತ್ತಿ ತೋರಿಸಿ ಇಳಿದು ಹೋದ. ಎಂಟು ತಿಂಗಳ ಹಿಂದೆ ಆಣೆ ಮಾಡಲಾರೆ ಎಂದವನು, ಆ ಆಣೆಯನ್ನು ನಮ್ಮಿಬ್ಬರಿಗಿಂತ ಹೆಚ್ಚಾಗಿ ನಂಬಿದ್ದ. ನನ್ನ ಜೀವ ಉಳಿಸಲೆಂದು ನನ್ನನ್ನು ಬಿಟ್ಟುಹೋದ. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು.

ಅವನು ಎಜ್‌ವೇರಿನಲ್ಲಿ ಲಾರೆನ್ಸ್ ಅಂಕಲ್ ಮನೆಯ ಚಿಕ್ಕ ಕೋಣೆಯಲ್ಲಿ ಕೆಲವು ದಿನಕ್ಕೆಂದು ಹೋದವನು, ಆಮೇಲೆ ಅದೇ ಬೀದಿಯಲ್ಲಿ ಒಂದು ಕೋಣೆ ಹಿಡಿದು ಉಳಿದುಬಿಟ್ಟ. ಭಾನುವಾರ ನಾನು ಬಸ್ಸು ಹತ್ತಿ ಹೋಗುತ್ತಿದ್ದೆ, ಸ್ಟೇಷನ್ನಿನ ಹತ್ತಿರದ ಒಂದು ಕೆಫೆಯಲ್ಲಿ ಅವನು ಕಾಯುತ್ತಿದ್ದ. ಮೊದಲ ಪ್ರಶ್ನೆ ಯಾವಾಗಲೂ ಒಂದೇ: “ಉಸಿರು ಹೆಂಗೈತಿ?” ಫೈನ್ ಎನ್ನುತ್ತಿದ್ದೆ. ನನಗೆ ಕೇಕು, ಅವನಿಗೆ ಚಹಾ. ಒಂದು ವರ್ಷದೊಳಗೆ ನಮ್ಮ ಬಡಾವಣೆಯ ಡಾಕ್ಟರು ನನ್ನ ಕೋಣೆಯ ಗೋಡೆಯ ವಿಷಯ ಕೇಳಿ, ಆ ಬೂಷ್ಟೇ ಮೂಲ, ಈ ಹುಡುಗಿಯನ್ನು ಅಲ್ಲಿ ಮಲಗಿಸಬೇಡಿ ಎಂದು ಖಡಾಖಂಡಿತವಾಗಿ ಹೇಳಿದ್ದರು. ನಾನು ಮುಂದಿನ ಕೋಣೆಗೆ ಬಂದೆ, ನೀಲಿ ಇನ್‌ಹೇಲರ್ ಜೇಬಿಗೆ ಬಂತು, ಸಿಳ್ಳೆ ಕಮ್ಮಿಯಾಯಿತು. ಹನ್ನೆರಡು ವರ್ಷಕ್ಕೆ ನನಗೆ ಅಸ್ತಮಾ ಎಂದರೇನೆಂದು ಸ್ಕೂಲಿನ ಪುಸ್ತಕದಲ್ಲೇ ಗೊತ್ತಿತ್ತು. ಆಣೆಗೂ ಶ್ವಾಸಕೋಶಕ್ಕೂ ಸಂಬಂಧವಿಲ್ಲ ಎಂದು ಗೊತ್ತಿತ್ತು. ಅವನು ಅವತ್ತು ಕುಡಿದಿರಲಿಲ್ಲ ಎಂದೂ ಗೊತ್ತಿತ್ತು. ಗೊತ್ತಿದ್ದದ್ದನ್ನು ಬಾಯಿ ಬಿಟ್ಟು ಹೇಳಲು ಏನು ಬೇಕಾಗುತ್ತದೋ ಅದು ನನ್ನಲ್ಲಿ ಇರಲಿಲ್ಲ. ಹದಿನಾಲ್ಕಕ್ಕೆ ಗೆಳತಿಯರು, ಪರೀಕ್ಷೆ ಎಂದು ಭಾನುವಾರಗಳು ಬಿಟ್ಟುಹೋದವು. ಆಮೇಲೆ ನಾನು ಓದಲು ಉತ್ತರದ ಊರಿಗೆ ಹೋದೆ, ಹಬ್ಬಕ್ಕೊಮ್ಮೆ ಫೋನು. ನನಗೆ ಇಪ್ಪತ್ತಾರಾಗಿದ್ದಾಗ ಅವನು ಆ ಕೋಣೆಯಲ್ಲೇ, ಒಂದು ಮುಂಜಾನೆ ಕೆಲಸಕ್ಕೆ ಹೊರಡಲು ಬೂಟು ಹಾಕಿಕೊಳ್ಳುವಾಗ, ಹೃದಯ ನಿಂತು ಹೋದ.

ಅಂತ್ಯಕ್ರಿಯೆ ಮುಗಿದ ಮೇಲೆ ಲಾರೆನ್ಸ್ ಅಂಕಲ್ ನನ್ನನ್ನು ಕೆಂಟನ್ ಹಾಲಿಗೆ ಕರೆದರು. ಗುರುವಾರ ಸಂಜೆ. ಪ್ಲಾಸ್ಟಿಕ್ ಕುರ್ಚಿಗಳು ದುಂಡಗೆ, ಗೋಡೆಯ ಪಕ್ಕ ಚಹಾದ ದೊಡ್ಡ ಪಾತ್ರೆ, ಮೂವತ್ತಕ್ಕೂ ಹೆಚ್ಚು ಜನ. ಅವರ ಬಾಯಲ್ಲಿ ಅಪ್ಪ ‘ಮಲ್’. ಮಲ್ ತನ್ನನ್ನು ಬಸ್ ಸ್ಟಾಪಿನಲ್ಲಿ ನಾಲ್ಕು ಗಂಟೆ ಹಿಡಿದು ಕೂರಿಸಿಕೊಂಡಿದ್ದ, ಮದ್ಯದಂಗಡಿ ಮುಚ್ಚುವವರೆಗೆ, ಎಂದಳು ಒಬ್ಬ ಮುದುಕಿ. ಮಲ್ ಜೋಕು ಹೇಳುತ್ತಿದ್ದ ಎಂದ ಒಬ್ಬ. ನನ್ನ ಅಪ್ಪ ಜೋಕು ಹೇಳಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಅವನು ಕುಡಿದ ವರ್ಷಗಳು ನಮ್ಮ ಪಾಲಿಗೆ ಬಂದಿದ್ದವು, ಕುಡಿಯದ ಹದಿನೇಳು ವರ್ಷ ಇವರ ಪಾಲಿಗೆ. ಹೊರಗೆ ಬಂದು ನಿಂತಾಗ ಲಾರೆನ್ಸ್ ಅಂಕಲ್ ನನ್ನ ಪಕ್ಕ ಬಂದರು. ನಾನು ಕೇಳದೆ ಇರಲಾಗದೆ ಕೇಳಿದೆ, ಆಸ್ಪತ್ರೆಯ ಆ ದಿನದ ಬಗ್ಗೆ ಅಪ್ಪ ಏನಾದರೂ ಹೇಳುತ್ತಿದ್ದನೇ ಎಂದು.

“ಹೇಳ್ತಿದ್ರು. ಹೊಸಬರು ಬಂದಾಗೆಲ್ಲ ಹೇಳ್ತಿದ್ರು. ನೀನು ತಲೆ ಆಡಿಸಿದ್ದು ಸರಿ ಅಂತ. ಒಂದು ಮಗು ಎಷ್ಟು ಸಲ ನಂಬುದು, ಅಂತ.”

ಆ ಸಂಜೆ ಕಿಂಗ್ಸ್‌ಬರಿಗೆ ಬಂದೆ. ಅವ್ವ ಅಡುಗೆಮನೆಯ ಮೇಜಿನ ಹತ್ತಿರ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಹದಿನೇಳು ವರ್ಷ ಅವಳು ಕರಿಮಣಿ ಬಿಚ್ಚಿರಲಿಲ್ಲ, ಅವನ ಹೆಸರನ್ನೂ ಎತ್ತಿರಲಿಲ್ಲ. ಮಣಿ ತೆಗೆದ ಕುತ್ತಿಗೆ ಈಗ ಬೋಳಾಗಿತ್ತು. ನಾನು ಕೋಟು ಬಿಚ್ಚದೆ ನಿಂತು ಹೇಳಿದೆ, ಬಾಯಿಗೆ ಬಂದ ಕನ್ನಡದಲ್ಲಿ. “ಅವ್ವ, ಅವತ್ತು ಆಸ್ಪತ್ರೆಯಲ್ಲಿ ಅಪ್ಪ ಕುಡಿದಿರಲಿಲ್ಲ.”

“ಗೊತ್ತು,” ಎಂದಳು.

“ಯಾವಾಗಿಂದ?”

“ಅವತ್ತ.” ಅವಳು ಎಲೆ ಬಿಡಿಸುವುದನ್ನು ನಿಲ್ಲಿಸಲಿಲ್ಲ. “ಮೆಣಸಿನಕಾಯಿ ಹುರದಾಕಿ ನಾನು. ಕಿಡಕಿ ಹಾಕಿದಾಕಿ ನಾನು. ಅವ್ರು ಕುಡದಿಲ್ಲ ಅಂದ್ರ, ನಿನ್ನ ಉಸಿರು ಕಟ್ಟಿಸಿದಾಕಿ ನಾನ ಅಂತಾಗ್ತಿತ್ತು. ಅದನ್ನ ಹೊರೂ ತಾಕತ್ತು ನನಗ ಇದ್ದಿದ್ದಿಲ್ಲ. ಅವ್ರಿಗೆ ಮೊದಲ ರೂಢಿ ಇತ್ತು, ತಪ್ಪು ಹೊರೂದು.”

ನಾನು ಕುರ್ಚಿ ಎಳೆದುಕೊಂಡು ಕೂತೆ. ಅವಳನ್ನು ಬೈಯಬೇಕೆಂದಿತ್ತು. ಇಡೀ ದಾರಿ ಅದಕ್ಕೆ ಮಾತು ಜೋಡಿಸಿಕೊಂಡು ಬಂದವಳ ಹಾಗೆ ಬಾಯಿ ತೆರೆದೆ.

“ಆಮೇಲಾದರೂ ಹೇಳಬಹುದಿತ್ತಲ್ಲ ಅಪ್ಪನಿಗೆ.”

“ಹೋಗಿದ್ದೆ. ಎರಡ ಸಲ. ಎಜ್‌ವೇರಿಗೆ ಹೋಗಿ ಇಳದು, ಬಸ್ ಸ್ಟ್ಯಾಂಡಿನಾಗ ಕುಂತು, ತಿರುಗಿ ಅದ ಬಸ್ಸಿಗೆ ಬಂದೆ. ಅವ್ರ ಮನಿ ಮಟ ಕಾಲ ಏಳಲಿಲ್ಲ.”

ಅವ್ವ ದಂಟುಗಳನ್ನು ಒಂದು ಕಡೆ ಸರಿಸಿ, ನನ್ನ ಮುಖ ನೋಡಿದಳು, ನಾನು ಏನು ಹೇಳುತ್ತೇನೋ ಎಂದು. ನಾನು ಕಟ್ಟಿನಿಂದ ಒಂದು ಕಡ್ಡಿ ಎಳೆದು ಎಲೆ ಬಿಡಿಸತೊಡಗಿದೆ. ಅವಳು ಎರಡು ಸಲ ಬಸ್ ಸ್ಟ್ಯಾಂಡಿನವರೆಗೆ ಹೋಗಿ ಬಂದಿದ್ದಳು. ನಾನು ಐದು ವರ್ಷ, ಪ್ರತಿ ಭಾನುವಾರ, ಅಪ್ಪನ ಎದುರಿಗೇ ಕೂತಿದ್ದೆ.